ತಾರಸಿಯ ಮೇಲಿನ ಹಳೆಯ ಚಿಲ್ಲರ್ ಇಳಿಸಿ ಹೊಸದನ್ನು ಏರಿಸುವುದು: ಪೀಣ್ಯದ ಇಕ್ಕಟ್ಟಿನಲ್ಲಿ ಕಲಿತ ಕ್ರಮ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಎರಡನೇ ಹಂತದ ಯಾವ ಅಡ್ಡರಸ್ತೆಯಲ್ಲಾದರೂ ನಿಂತು ತಲೆಯೆತ್ತಿ ನೋಡಿ. ಮೊದಲು ಕಾಣುವುದು ಬೆಸ್ಕಾಂ ತಂತಿ, ಆಮೇಲೆ ಮರದ ಕೊಂಬೆ, ಕೊಂಬೆಯ ಸಂದಿಯಲ್ಲಿ ಯಾವುದೋ ಕಾರ್ಖಾನೆಯ ತಾರಸಿ, ತಾರಸಿಯ ಮೇಲೆ ಗರಗರ ತಿರುಗುವ ಫ್ಯಾನು. ಅದು ಚಿಲ್ಲರಿನ ಫ್ಯಾನು, ಚಿಲ್ಲರ್ ಎಂದರೆ ಕಾರ್ಖಾನೆಗೆ ಬೇಕಾದ ನೀರನ್ನು ತಣ್ಣಗಾಗಿಸುವ ಯಂತ್ರ. ಆ ಚಿಲ್ಲರ್ ಮೇಲೇರಿದ ದಿನ ಪಕ್ಕದ ನಿವೇಶನ ಖಾಲಿಯಿತ್ತು. ಕ್ರೇನ್ ಅಲ್ಲೇ ನಿಂತು ಅರ್ಧ ಗಂಟೆಯಲ್ಲಿ ಇಟ್ಟುಹೋಗಿತ್ತು. ಈಗ ಆ ನಿವೇಶನದಲ್ಲಿ ನಾಲ್ಕು ಮಹಡಿ ಎದ್ದಿದೆ, ಹಿಂಬದಿಗೆ ಇನ್ನೊಬ್ಬರ ಸಿಮೆಂಟ್ ಶೀಟಿನ ಶೆಡ್ಡು ಬಂದಿದೆ. ಯಂತ್ರಕ್ಕೆ ವಯಸ್ಸಾಗಿದೆ, ಬಂದ ದಾರಿ ಮುಚ್ಚಿಹೋಗಿದೆ.

ಇಪ್ಪತ್ತು ವರ್ಷಗಳಿಂದ ಕಾರ್ಖಾನೆಗಳ ಯುಟಿಲಿಟಿ ಕೆಲಸದಲ್ಲಿದ್ದೇನೆ. ಇಂಥ ಕೆಲಸ ಕೆಟ್ಟ ಕಡೆಯಲ್ಲೆಲ್ಲ ಯಂತ್ರದ ಆರ್ಡರ್ ಮೊದಲು ಹೋಗಿತ್ತು, ದಾರಿಯ ಅಳತೆ ಆಮೇಲೆ ಆಗಿತ್ತು. ಅದಕ್ಕೇ ಈ ಬರಹದ ಅರ್ಧ ಭಾಗ ಕ್ರೇನ್ ಬರುವುದಕ್ಕೂ ಮುಂಚಿನ ವಿಷಯ. ಲೆಕ್ಕ ಅರ್ಥವಾಗಲೆಂದು ಒಂದೇ ಉದಾಹರಣೆಯನ್ನು ಕೊನೆವರೆಗೂ ಇಟ್ಟುಕೊಳ್ಳೋಣ: ನೆಲಮಹಡಿ ಸೇರಿ ಮೂರು ಅಂತಸ್ತಿನ ಆರ್‌ಸಿಸಿ ಕಟ್ಟಡ, ತಾರಸಿಯ ಎತ್ತರ 13 ಮೀಟರ್, ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರಗಳಿಗೆ ತಣ್ಣೀರು ಕೊಡುವ 3.2 ಟನ್ ತೂಕದ ಏರ್-ಕೂಲ್ಡ್ ಚಿಲ್ಲರ್. ಅದು ಕುಳಿತಿರುವ ಪ್ಲಿಂತ್, ಅಂದರೆ ಪೀಠ, ಮುಂಗೋಡೆಯಿಂದ 20 ಮೀಟರ್ ಒಳಗಿದೆ.

ಮೊದಲು ದಾರಿ ಅಳೆಯಿರಿ

ಟೇಪು, ನೋಟ್‌ಬುಕ್ಕು ಹಿಡಿದು ಮುಖ್ಯರಸ್ತೆಯಿಂದಲೇ ನಡೆದುಬನ್ನಿ. ತಿರುವಿನಲ್ಲಿ ಟ್ರೇಲರ್ ತಿರುಗುತ್ತದೆಯೇ, ಟೆಂಪೊಗಳು ಎಲ್ಲಿ ನಿಲ್ಲುತ್ತವೆ, ಅತಿ ಕೆಳಗೆ ಜೋತಿರುವ ಕೇಬಲ್ ಯಾವುದು, ಗೇಟಿನ ಅಗಲ ಎಷ್ಟು, ಗೇಟಿನ ಮೇಲಿನ ಕಮಾನಿನ ಎತ್ತರ ಎಷ್ಟು, ಎಲ್ಲವನ್ನೂ ಬರೆದುಕೊಳ್ಳಿ. ನಂತರ ನೆಲ ನೋಡಿ. ಚರಂಡಿಯ ಮೇಲಿನ ಚಪ್ಪಡಿ, ಒಳಚರಂಡಿಯ ಛೇಂಬರು, ಭೂಗತ ಕೇಬಲ್ಲು, ಎಲ್ಲಕ್ಕಿಂತ ಮುಖ್ಯವಾಗಿ ಸಂಪು. ಬೆಂಗಳೂರಿನಲ್ಲಿ ಸಂಪಿಲ್ಲದ ಕಾರ್ಖಾನೆ ಅಂಗಳವನ್ನು ನಾನು ಕಂಡಿಲ್ಲ.

ಒಮ್ಮೆ ಒಂದು ಕಾರ್ಖಾನೆಯಲ್ಲಿ ಹಳೆಯ ಕೂಲಿಂಗ್ ಟವರ್ (ಬಿಸಿ ನೀರನ್ನು ಗಾಳಿಗೆ ಆರಿಸುವ ಗೋಪುರ) ಇಳಿಸಲು ಕ್ರೇನ್ ನಿಲ್ಲಿಸಿದ್ದೆವು. ಕ್ರೇನನ್ನು ಎತ್ತಿ ಹಿಡಿಯುವ ನಾಲ್ಕೂ ಜಾಕ್ ಬಿಟ್ಟಾಯಿತು, ಟೈರು ನೆಲ ಬಿಟ್ಟಿತು. ಹಿಂದಿನ ಬಲ ಜಾಕಿನ ಕೆಳಗಿದ್ದ ಮರದ ಸ್ಲೀಪರ್ ‘ಚಟ್’ ಅಂದಿತು. ಸದ್ದೇನೂ ದೊಡ್ಡದಲ್ಲ. ಆದರೆ ಆಪರೇಟರ್ ಲೆವೆಲ್ ಗುಳ್ಳೆಯ ಕಡೆ ಒಮ್ಮೆ ನೋಡಿ, ಬೂಮಿನ, ಅಂದರೆ ಕ್ರೇನಿನ ಉದ್ದ ತೋಳಿನ, ಲಿವರ್ ಮುಟ್ಟದೆ ಕೆಳಗಿಳಿದ. ಬಗ್ಗಿ ನೋಡಿದರೆ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿ ಬಿದ್ದಿದ್ದ ಎಂ-ಸ್ಯಾಂಡ್ ಆ ಬಿರುಕಿನೊಳಕ್ಕೆ ಜರಡಿಯಿಂದ ಹಿಟ್ಟು ಉದುರುವ ಹಾಗೆ ಇಳಿಯುತ್ತಿತ್ತು. ಗೇಟಿನ ಬಳಿಯಿದ್ದ ವಾಚ್‌ಮನ್ ಅಜ್ಜ ಹತ್ತಿರ ಬಂದು, “ಅಲ್ಲಿ ಮೊದಲು ಸಂಪಿತ್ತು ಸಾರ್. ಹೊಸಾದು ಕಟ್ಟಿದ ಮೇಲೆ ಕಲ್ಲು ಹಾಕಿ ಮುಚ್ಚಿದ್ರು” ಅಂದರು. “ಮೊದಲೇ ಹೇಳಬಾರದಿತ್ತಾ ಅಜ್ಜ?” ಅಂದೆ. “ಯಾರೂ ಕೇಳ್ಲಿಲ್ವಲ್ಲ ಸಾರ್.”

ಅಂದಿನಿಂದ ಅಂಗಳದ ನಕ್ಷೆ ಕೈಗೆ ಸಿಕ್ಕಿದ್ದರೂ ಆ ಜಾಗದಲ್ಲಿ ಅತಿ ಹೆಚ್ಚು ವರ್ಷ ಕೆಲಸ ಮಾಡಿದವರನ್ನು ಹುಡುಕಿ ಕೇಳುತ್ತೇನೆ. ನೀವೂ ಕೇಳಿ. ಕಟ್ಟಡಕ್ಕೆ ಯಾವಾಗ ಎಷ್ಟು ಮಹಡಿ ಸೇರಿಸಿದರು ಎಂಬುದೂ ಅವರ ಬಾಯಲ್ಲೇ ಸಿಗುತ್ತದೆ.

ತೂಕದ ವಿಷಯದಲ್ಲಿ ಅಂದಾಜು ಬೇಡ

ತಯಾರಕರ ಡ್ರಾಯಿಂಗಿನಲ್ಲಿ ಎರಡು ತೂಕ ಇರುತ್ತದೆ. ಸಾಗಿಸುವಾಗಿನದು ಒಂದು, ನೀರು ಗ್ಯಾಸು ತುಂಬಿ ಓಡುವಾಗಿನದು ಇನ್ನೊಂದು. ಕ್ರೇನಿಗೆ ಮೊದಲನೆಯದು ಬೇಕು, ತಾರಸಿಗೆ ಎರಡನೆಯದು. ಚಿಲ್ಲರಿನಲ್ಲಿ ಇವೆರಡರ ಅಂತರ ಅಷ್ಟೇನೂ ದೊಡ್ಡದಲ್ಲ. ಕೂಲಿಂಗ್ ಟವರಿನಲ್ಲಿ ಮಾತ್ರ ಮೋಸ ಹೋಗುತ್ತೀರಿ. 2.5 ಮೀಟರ್ ಉದ್ದ, ಅಷ್ಟೇ ಅಗಲ, 0.4 ಮೀಟರ್ ನೀರು ನಿಲ್ಲುವ ಬೇಸಿನ್ ಎಂದರೆ ನೀರೊಂದೇ 2,500 ಕಿಲೋ.

ಹಳೆಯ ಯಂತ್ರ ಕ್ಯಾಟಲಾಗಿನ ತೂಕಕ್ಕಿಂತ ಹೆಚ್ಚೇ ತೂಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕುಡಿದ ಟವರಿನ ಫಿಲ್ಲುಗಳಲ್ಲಿ (ನೀರು ಹರಡಿ ಇಳಿಯುವ ಪದರಗಳಲ್ಲಿ) ಸುಣ್ಣ ಕಲ್ಲಿನ ಹಾಗೆ ಕಟ್ಟಿರುತ್ತದೆ. ನಡುವೆ ಯಾರೋ ಬೆಸುಗೆ ಹಾಕಿ ಸೇರಿಸಿದ ಚಾನೆಲ್‌ಗಳೂ ಇರುತ್ತವೆ. ಇಳಿಸುವಾಗ ಡ್ರಾಯಿಂಗಿನ ಅಂಕಿಯ ಮೇಲೆ ಐದನೇ ಒಂದು ಭಾಗ ಸೇರಿಸಿಕೊಳ್ಳುವುದು ನನ್ನ ಪದ್ಧತಿ. ತೂಕದ ಜೊತೆಗೆ ಗುರುತ್ವ ಕೇಂದ್ರ ಎಲ್ಲಿದೆ ಎಂಬುದನ್ನೂ ನೋಡಿ. ಕಂಪ್ರೆಸರ್ ಇರುವ ಕಡೆ ಚಿಲ್ಲರ್ ಭಾರವಾಗಿರುತ್ತದೆ, ನಡುಮಧ್ಯಕ್ಕೆ ಕೊಕ್ಕೆ ಹಾಕಿ ಎತ್ತಿದರೆ ವಾಲುತ್ತದೆ.

ತಾರಸಿ ಎಷ್ಟು ಹೊರುತ್ತದೆ?

ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುವ ಲೈವ್ ಲೋಡ್ (ಕಟ್ಟಡದ ಸ್ವಂತ ತೂಕ ಬಿಟ್ಟು ಮೇಲೆ ಬರುವ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನಮ್ಮ ಚಿಲ್ಲರ್ 4 ಮೀಟರ್ ಉದ್ದ, 2.2 ಮೀಟರ್ ಅಗಲ ಇದೆಯೆಂದುಕೊಳ್ಳಿ. 3,200 ಕಿಲೋವನ್ನು 8.8 ಚದರ ಮೀಟರಿಗೆ ಹಂಚಿದರೆ 360 ಕಿಲೋ ದಾಟುತ್ತದೆ. ಎರಡು ಪಟ್ಟಿಗಿಂತ ಹೆಚ್ಚು. ಅದೂ ಸಮನಾಗಿ ಹಂಚಿಹೋದರೆ ಮಾತ್ರ. ನಿಜದಲ್ಲಿ ಭಾರವೆಲ್ಲ ನಾಲ್ಕಾರು ಕಾಲುಗಳ ಮೇಲೆ ಕೂರುತ್ತದೆ.

“ಹಳೇದು ಇಷ್ಟು ವರ್ಷ ಕೂತಿತ್ತಲ್ಲ, ಹೊಸದೂ ಕೂರುತ್ತದೆ ಬಿಡಿ” ಎಂಬ ಮಾತು ಪ್ರತಿ ಮೀಟಿಂಗಿನಲ್ಲೂ ಬರುತ್ತದೆ. ಇದನ್ನು ಒಪ್ಪಬೇಡಿ. ಹೊಸ ಯಂತ್ರದ ಕಾಲುಗಳು ಹಳೆಯ ಜಾಗದಲ್ಲೇ ಬರುವುದಿಲ್ಲ. ಅಷ್ಟು ವರ್ಷ ನೀರು ಸೋರಿ ಸ್ಲ್ಯಾಬಿನ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿರಬಹುದು. ಕೆಳಗಿನ ಮಹಡಿಯ ಫಾಲ್ಸ್ ಸೀಲಿಂಗ್ ಬಿಚ್ಚಿಸಿ, ಟಾರ್ಚ್ ಹಿಡಿದು ಮೇಲೆ ನೋಡಿ. ಗಾರೆ ಉಬ್ಬಿದೆಯೇ, ಕಂದು ಕಲೆ ಇದೆಯೇ, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ? ಇವು ಕಂಡರೆ ಅಲ್ಲಿಗೆ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಕಾಣದಿದ್ದರೂ ಕರೆಸಬೇಕು, ಅವರ ಸಹಿ ಇಲ್ಲದೆ ಈ ಕೆಲಸ ಶುರು ಮಾಡಬಾರದು.

ಸಾಮಾನ್ಯವಾಗಿ ಸಿಗುವ ಪರಿಹಾರ ಸ್ಟೀಲ್ ಫ್ರೇಮು. ಕಂಬದ ತಲೆಯಿಂದ ಕಂಬದ ತಲೆಗೆ ಐ-ಬೀಮ್ ಹಾಯಿಸಿ, ಯಂತ್ರವನ್ನು ಅದರ ಮೇಲೆ ಕೂರಿಸಿದರೆ ಸ್ಲ್ಯಾಬಿಗೆ ಭಾರವೇ ತಾಗುವುದಿಲ್ಲ. ಕಾಂಕ್ರೀಟ್ ಪೀಠ ಬೇಕೇ ಬೇಕಾದರೆ ಎತ್ತುವ ದಿನಕ್ಕೆ ನಾಲ್ಕು ವಾರ ಮೊದಲೇ ಹಾಕಿಸಿ. ಕಾಂಕ್ರೀಟು ಪೂರ್ತಿ ಬಲಕ್ಕೆ ಬರುವ ಲೆಕ್ಕ 28 ದಿನ.

ಪಕ್ಕದಲ್ಲಿ ಸಿಮೆಂಟ್ ಶೀಟಿನ ಮಾಡು ಇದ್ದರೆ ಎಚ್ಚರಿಕೆಯ ಟೇಪ್ ಕಟ್ಟಿ ಆ ಕಡೆ ಯಾರೂ ಕಾಲಿಡದಂತೆ ಮಾಡಿ. ಬೆಳಕಿಗೆಂದು ಹಾಕಿದ ಪಾರದರ್ಶಕ ಶೀಟು ಧೂಳು ಕೂತು ಉಳಿದ ಶೀಟಿನ ಬಣ್ಣಕ್ಕೇ ಬಂದಿರುತ್ತದೆ. ಅದರ ಮೇಲೆ ಕಾಲಿಟ್ಟವನು ನೇರ ಕೆಳಗಿನ ಯಂತ್ರದ ಮೇಲೆ ಬೀಳುತ್ತಾನೆ. ಹಲಗೆ ಮತ್ತು ಹಾರ್ನೆಸ್ ಇಲ್ಲದೆ ಯಾರನ್ನೂ ಶೀಟಿನ ಮೇಲೆ ಹತ್ತಿಸಬೇಡಿ, ಐದು ನಿಮಿಷದ ಕೆಲಸವಾದರೂ ಸರಿ.

ಕ್ರೇನ್ ಎಲ್ಲಿ ನಿಲ್ಲಬೇಕು: ಎಡವುವುದು ಇಲ್ಲೇ

“80 ಟನ್ ಕ್ರೇನ್ ತರಿಸಿಬಿಡಿ, 3 ಟನ್ ಯಾವ ಲೆಕ್ಕ!” ಎನ್ನುವವರಿಗೆ ಲೋಡ್ ಚಾರ್ಟ್, ಅಂದರೆ ಎಷ್ಟು ದೂರದಲ್ಲಿ ಎಷ್ಟು ಎತ್ತಬಹುದೆಂಬ ಪಟ್ಟಿ, ತೋರಿಸಿ. ಆ 80 ಟನ್ ಎಂಬುದು ಕ್ರೇನಿನ ಕಾಲಬುಡದಲ್ಲಿ, ಬೂಮು ಚಿಕ್ಕದಿರುವಾಗಿನ ಅಂಕಿ. ಅದೇ ಕ್ರೇನು ಬೂಮು ಚಾಚಿ 30 ಮೀಟರ್ ದೂರಕ್ಕೆ ಹೋದರೆ ಎತ್ತುವ ಶಕ್ತಿ ಒಂದಂಕಿಯ ಟನ್ನಿಗೆ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಚಾರ್ಟ್ ಕೂಡ ಹೇಳುವುದಿಲ್ಲ. ಬೂಮು ಕಟ್ಟಡದ ಅಂಚಿಗೆ ತಾಗುತ್ತದೆಯೇ? ಕಾಗದದ ಮೇಲೆ ಬರೆದು ನೋಡಿ. ಕ್ರೇನಿನ ನಡುಬಿಂದು ಮುಂಗೋಡೆಯಿಂದ 7 ಮೀಟರ್ ದೂರದಲ್ಲಿದೆ. ಬೂಮಿನ ಬುಡ ನೆಲದಿಂದ 2.5 ಮೀಟರ್ ಮೇಲಿದೆ. ಪ್ಯಾರಪೆಟ್ಟಿನ ತುದಿ 14 ಮೀಟರ್, ಅದರ ಮೇಲೆ ಒಂದು ಮೀಟರ್ ಬಿಡುವು ಇಟ್ಟರೆ 15. ಅಂದರೆ ಬೂಮು 7 ಮೀಟರ್ ಮುಂದೆ ಹೋಗುವಷ್ಟರಲ್ಲಿ 12.5 ಮೀಟರ್ ಏರಿರಬೇಕು, ಸುಮಾರು 61 ಡಿಗ್ರಿ ಕೋನ. ಈ ಕೋನದಲ್ಲಿ ಅಂಚಿನಿಂದ 5 ಮೀಟರ್ ಒಳಗೆ ಭಾರ ಇಳಿಸಲು 25 ಮೀಟರ್ ಬೂಮು ಸಾಕು. ನೇರ ಪ್ಲಿಂತಿಗೇ, 20 ಮೀಟರ್ ಒಳಕ್ಕೆ ಇಳಿಸಬೇಕೆಂದರೆ 55 ಮೀಟರ್ ಬೂಮು ಬೇಕು! ಅಷ್ಟು ದೊಡ್ಡ ಕ್ರೇನ್ ಆ ಅಡ್ಡರಸ್ತೆಯೊಳಗೆ ಬರುವುದೂ ಇಲ್ಲ, ಬಂದರೂ ಜಾಕ್ ಬಿಡಲು ಜಾಗವಿಲ್ಲ.

ಆದ್ದರಿಂದ ನನ್ನ ಸಲಹೆ: ಕ್ರೇನಿನಿಂದ ಅಂಚಿನವರೆಗೆ ಮಾತ್ರ ಕೆಲಸ ತೆಗೆದುಕೊಳ್ಳಿ, ಉಳಿದ 15 ಮೀಟರನ್ನು ತಾರಸಿಯ ಮೇಲೆ ಜರುಗಿಸಿ. ಯಂತ್ರ 3.2 ಟನ್, ಹುಕ್ ಬ್ಲಾಕು, ಭಾರ ಕಟ್ಟುವ ಸ್ಲಿಂಗು, ಸ್ಲಿಂಗುಗಳನ್ನು ಅಗಲಿಸಿ ಹಿಡಿಯುವ ಸ್ಪ್ರೆಡರ್ ಬೀಮ್ ಸೇರಿ ಸುಮಾರು 4 ಟನ್. 12 ಮೀಟರ್ ದೂರಕ್ಕೆ ಇದಕ್ಕೆ 40-50 ಟನ್ ದರ್ಜೆಯ ಟೆಲಿಸ್ಕೋಪಿಕ್ ಕ್ರೇನ್ ಸಾಮಾನ್ಯವಾಗಿ ಸಾಕು. ಬರುವ ಕ್ರೇನಿನದೇ ಚಾರ್ಟ್ ತರಿಸಿಕೊಂಡು, ಅದರಲ್ಲಿ ಹೇಳಿದ ಮಿತಿಯ ಮುಕ್ಕಾಲು ಭಾಗ ಮೀರದಂತೆ ನೋಡಿಕೊಳ್ಳಿ. ಬಾಡಿಗೆ ಕಡಿಮೆ ಎಂದು ಹೈಡ್ರಾ ಎಂಬ ಸಣ್ಣ ಕ್ರೇನಿನಲ್ಲಿ ಈ ಕೆಲಸ ಮಾಡಿಸಲು ಹೋಗಬೇಡಿ. ಲಾರಿಯಿಂದ ನೆಲಕ್ಕೆ ಇಳಿಸಲು ಹೈಡ್ರಾ ಸರಿ, ತಾರಸಿಗೆ ಅಲ್ಲ.

ಜಾಕಿನ ಲೆಕ್ಕವನ್ನೂ ಮಾಡಿ. 40 ಟನ್ ತೂಗುವ ಕ್ರೇನು, 4 ಟನ್ ಭಾರ, ಒಟ್ಟು 44. ಬೂಮು ಒಂದು ಮೂಲೆಯ ಕಡೆ ತಿರುಗಿದಾಗ ಅದರ ಮುಕ್ಕಾಲು ಭಾಗ, ಅಂದರೆ 33 ಟನ್, ಒಂದೇ ಜಾಕಿನ ಮೇಲೆ ಬರಬಹುದು. ಅರ್ಧ ಮೀಟರ್ ಚೌಕದ ಪ್ಯಾಡ್ ಒಂದನ್ನೇ ಇಟ್ಟರೆ ನೆಲಕ್ಕೆ ಚದರ ಮೀಟರಿಗೆ 130 ಟನ್ ಒತ್ತಡ. ಒಂದೂವರೆ ಮೀಟರ್ ಚೌಕದ ದಪ್ಪ ಮ್ಯಾಟ್ ಹಾಕಿದರೆ 15ಕ್ಕೆ ಇಳಿಯುತ್ತದೆ. ಆ ಸಂಪಿನ ಕತೆಯಲ್ಲಿ ನಾವು ಇಟ್ಟಿದ್ದು ಎರಡು ಸ್ಲೀಪರ್ ಮಾತ್ರ.

ಲೈನ್ ಕ್ಲಿಯರ್ ಮತ್ತು ಕಾಗದಪತ್ರ

ರಸ್ತೆಯಲ್ಲಿ 11 ಕೆವಿ ಲೈನ್ ಇದ್ದರೆ ಬೆಸ್ಕಾಂಗೆ ಬರೆದು ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟು ತೆಗೆಸುವ ಅನುಮತಿ, ತೆಗೆದುಕೊಳ್ಳಿ. “ಹುಷಾರಾಗಿ ಎತ್ತುತ್ತೇವೆ” ಎಂಬುದು ಇಲ್ಲಿ ನಡೆಯುವುದಿಲ್ಲ, ಬೂಮು ತಂತಿಗೆ ತಾಗಬೇಕೆಂದೇ ಇಲ್ಲ, ಹತ್ತಿರ ಹೋದರೂ ಕರೆಂಟು ಹಾರುತ್ತದೆ. ಲೈನ್‌ಮನ್ ಬಂದು ತೆಗೆದು, ಅರ್ಥ್ ಮಾಡಿ, ನಿಮ್ಮ ಮುಂದೆ ಹೇಳುವ ತನಕ ಬೂಮು ಮೇಲೇಳಬಾರದು. ಸಂಚಾರ ಪೊಲೀಸರ ಅನುಮತಿ, ಕೊಂಬೆ ಕಡಿಯಬೇಕಾದರೆ ಪಾಲಿಕೆಯ ಅರಣ್ಯ ವಿಭಾಗದ ಅನುಮತಿ, ಅಕ್ಕಪಕ್ಕದ ಕಾರ್ಖಾನೆಯವರಿಗೆ ಒಂದು ವಾರ ಮೊದಲೇ ಒಂದು ಪತ್ರ. ಎತ್ತುವ ಯಂತ್ರ, ಚೈನು, ಹಗ್ಗಗಳನ್ನು ಸಮರ್ಥ ವ್ಯಕ್ತಿಯೊಬ್ಬರು 12 ತಿಂಗಳಿಗೊಮ್ಮೆಯಾದರೂ ಪೂರ್ತಿಯಾಗಿ ಪರೀಕ್ಷಿಸಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಆದರೂ ಈ ಪರೀಕ್ಷೆ ಬಿಡಬೇಡಿ. ಕ್ರೇನಿನ ಜೊತೆ ಸ್ಲಿಂಗು, ಶ್ಯಾಕಲ್‌ಗಳ ಸರ್ಟಿಫಿಕೇಟನ್ನೂ ಹಿಂದಿನ ದಿನವೇ ನೋಡಿ. ಬೆಲ್ಟ್ ಸ್ಲಿಂಗಿನ ಲೇಬಲ್ ಹರಿದಿದ್ದರೆ ವಾಪಸ್ ಕಳಿಸಿ.

ಹಳೆಯ ಯಂತ್ರ ಬಿಚ್ಚುವಾಗ

ಪ್ಯಾನೆಲ್ಲಿನಲ್ಲಿ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ಬಿಚ್ಚುವವನ ಜೇಬಿನಲ್ಲೇ ಇರಲಿ. ನಂತರ ನೀರು ಖಾಲಿ ಮಾಡಿ. ಹಳೆಯ ಚಿಲ್ಲರಿನಲ್ಲಿ ಆರ್-22 ಗ್ಯಾಸ್ ಇರುವುದು ಸಾಮಾನ್ಯ. ಓಜೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದಡಿ ಬಳಕೆಯಿಂದ ತೆಗೆಯಲಾಗುತ್ತಿದೆ. ಪೈಪ್ ಕತ್ತರಿಸಿ ಗಾಳಿಗೆ ಬಿಡುವ ಚಾಳಿ ಇನ್ನೂ ಇದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ರಿಕವರಿ ಮೆಷಿನ್ನಿನಿಂದ ಸಿಲಿಂಡರಿಗೆ ಎಳೆಸಿ, ಸಿಲಿಂಡರಿನಲ್ಲಿ ಐದನೇ ಒಂದು ಭಾಗ ಖಾಲಿ ಉಳಿಯಲಿ.

ಗ್ಯಾಸ್ ಕಟಿಂಗ್ ಬೇಡವೆಂದರೆ ಬೇಡ. ಬೋಲ್ಟು ಜಾಮ್ ಆಗಿದ್ದರೆ ಗ್ರೈಂಡರಿನಲ್ಲಿ ಕತ್ತರಿಸಿ, ಅದಕ್ಕೂ ಬೆಂಕಿ ಆರಿಸುವ ಸಿಲಿಂಡರ್ ಹಿಡಿದವನೊಬ್ಬ ಪಕ್ಕದಲ್ಲಿ ನಿಲ್ಲಲಿ. ಕಂಪ್ರೆಸರ್ ಎಣ್ಣೆ, ಪೈಪಿನ ಇನ್ಸುಲೇಷನ್, ಟವರಿನ ಪ್ಲಾಸ್ಟಿಕ್ ಫಿಲ್ಲು, ಯಾವುದಕ್ಕೂ ಒಂದು ಕಿಡಿ ಸಾಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಕಾವಲಿರಬೇಕು.

ಮೋಲ್ಡಿಂಗ್ ನಿಲ್ಲಿಸಲಾಗದಿದ್ದರೆ ಅಂಗಳದಲ್ಲಿ ಬಾಡಿಗೆ ಚಿಲ್ಲರ್ ಇಟ್ಟು ಹೋಸಿನಲ್ಲಿ ನೀರು ಕೊಡಿ. ಈ ಖರ್ಚು ಉಳಿಸಲು ಹೋದವರು ಎತ್ತುವ ದಿನ ಅವಸರ ಮಾಡುತ್ತಾರೆ.

ಎತ್ತುವ ದಿನ

ಭಾನುವಾರ ಬೆಳಗ್ಗೆ ಆರಕ್ಕೆ ಶುರುವಾದರೆ ಒಳ್ಳೆಯದು. ಆಷಾಢದಲ್ಲಿ ಬೇಡ. ಬೆಂಗಳೂರಿನ ಆಷಾಢದ ಗಾಳಿಯನ್ನು ತಾರಸಿಯ ಮೇಲೆ ನಿಂತವರು ಮಾತ್ರ ಬಲ್ಲರು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಒಳಗೆ ಮುಗಿಸಿ, ಸಂಜೆ ಗುಡುಗಿನ ಮಳೆಯ ಮುಂದೆ ಬರುವ ಗಾಳಿಗೆ ಮುನ್ಸೂಚನೆಯೇ ಇರುವುದಿಲ್ಲ. ಸೆಕೆಂಡಿಗೆ 10 ಮೀಟರ್ ಗಾಳಿ 9 ಚದರ ಮೀಟರಿನ ಮೈಗೆ ಬಡಿದರೆ ಅಡ್ಡಕ್ಕೆ ತಳ್ಳುವ ಬಲ ಸುಮಾರು 55 ಕಿಲೋ. 15 ಮೀಟರಿಗೆ ಏರಿದರೆ 120 ದಾಟುತ್ತದೆ. ಖಾಲಿ ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ಟವರ್ ಗಾಳಿಪಟದ ಹಾಗೆ ಆಡುವುದು ಇದರಿಂದಲೇ.

ಸ್ಲಿಂಗಿನ ಕೋನವನ್ನು ಕಣ್ಣಳತೆಗೆ ಬಿಡಬೇಡಿ. 4 ಟನ್ನನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುವಾಗ ಸ್ಲಿಂಗು ಸಮತಲಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದು ಕಾಲಿಗೆ 2.3 ಟನ್, 45ಕ್ಕೆ ಇಳಿದರೆ 2.8, 30ಕ್ಕೆ ಬಂದರೆ ಪೂರ್ತಿ 4 ಟನ್. ಚಿಲ್ಲರಿಗಂತೂ ಸ್ಪ್ರೆಡರ್ ಬೀಮ್ ಇಲ್ಲದೆ ಎತ್ತಲೇಬಾರದು, ಇಲ್ಲವಾದರೆ ಸ್ಲಿಂಗು ಕಾಯಿಲಿನ ಫಿನ್ನುಗಳನ್ನು ಒತ್ತಿ ಹಾಳು ಮಾಡುತ್ತದೆ.

ಹುಡುಗರು ಕ್ರೇನಿನ ಮುಂದೆ ಕಾಯಿ ಒಡೆದು, ಟೈರಿನ ಕೆಳಗೆ ನಿಂಬೆಹಣ್ಣು ಇಡುವ ಹತ್ತು ನಿಮಿಷವನ್ನು ನಾನು ಬಳಸಿಕೊಳ್ಳುತ್ತೇನೆ. ಆಗ ಎಲ್ಲರೂ ಒಂದೇ ಕಡೆ ಸೇರಿರುತ್ತಾರೆ. ಯಾರು ಸಿಗ್ನಲ್ ಕೊಡುತ್ತಾರೆ, ಯಾವ ಪದಕ್ಕೆ ಯಾವ ಅರ್ಥ ಎಂದು ಆಗಲೇ ಹೇಳಿಬಿಡಬೇಕು. ಭಾರ ಎತ್ತಿ ಸಾಗಿಸುವುದರಲ್ಲಿ ಪಳಗಿದ ಹಳೆಯ ಖಲಾಸಿಗಳ ಬಾಯಲ್ಲಿ ‘ಆರಿಯಾ’ ಎಂದರೆ ಇಳಿಸು, ‘ಹಾಬೇಸ್’ ಎಂದರೆ ಎತ್ತು. ಉತ್ತರದಿಂದ ಬಂದ ಹುಡುಗರಿಗೆ ಅದು ಗೊತ್ತಿರುವುದಿಲ್ಲ, ಆಪರೇಟರ್ ತಮಿಳಿನವನಿರಬಹುದು. ಅವನಿಗೆ ತಾರಸಿ ಕಾಣುವುದೂ ಇಲ್ಲ, ಎಲ್ಲ ವಾಕಿಟಾಕಿಯ ಮೇಲೇ ನಡೆಯುತ್ತದೆ. ಸಿಗ್ನಲ್ ಕೊಡುವವನು ಒಬ್ಬನೇ ಇರಲಿ. ‘ಸ್ಟಾಪ್’ ಮಾತ್ರ ಯಾರು ಬೇಕಾದರೂ ಕೂಗಬಹುದು, ಚಹಾ ತಂದ ಹುಡುಗ ಕೂಗಿದರೂ ನಿಲ್ಲಿಸಬೇಕು.

ಖಲಾಸಿ ಎಂದಾಗ ನೆನಪಾಯಿತು. 1988ರ ಜುಲೈಯಲ್ಲಿ ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮನ್ ಸೇತುವೆಯಿಂದ ಅಷ್ಟಮುಡಿ ಕೆರೆಗೆ ಬಿದ್ದಾಗ ಬೋಗಿಗಳನ್ನು ಮೇಲೆಳೆಯಲು ನೆರವಾದವರು ಬೇಪೂರಿನ ಮಾಪಿಳ್ಳ ಖಲಾಸಿಗಳು. ಹಗ್ಗ, ರಾಟೆ, ಮರದ ದಿಮ್ಮಿಯ ಈ ವಿದ್ಯೆ ಬಲ್ಲ ಹಿರಿಯರು ನಿಮ್ಮ ತಂಡದಲ್ಲಿದ್ದರೆ ಅವರ ಮಾತಿಗೆ ಬೆಲೆ ಕೊಡಿ.

ಭಾರವನ್ನು ಒಂದು ಗೇಣು ಎತ್ತಿ ಐದು ನಿಮಿಷ ಹಾಗೇ ನಿಲ್ಲಿಸಿ. ನಾಲ್ಕೂ ಜಾಕಿನ ಸುತ್ತ ಒಂದು ಸುತ್ತು ಬನ್ನಿ, ಸ್ಲಿಂಗು ನೋಡಿ, ಯಂತ್ರ ವಾಲಿದೆಯೇ ನೋಡಿ. ಸಂಶಯ ಬಂದರೆ ಇಳಿಸಿ ಮತ್ತೆ ಕಟ್ಟಿ. ಎರಡು ಕಡೆ ಹಗ್ಗ ಹಿಡಿದವರು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಭಾರ ಹಾದುಹೋಗುವ ಜಾಗದಲ್ಲಿ ಯಾರೂ ಇರಬಾರದು, ತಾರಸಿಯ ಕೆಳಗಿನ ಮಹಡಿಯನ್ನೂ ಖಾಲಿ ಮಾಡಿಸಿ. ಇದನ್ನು ಮರೆಯುವವರೇ ಹೆಚ್ಚು.

ತಾರಸಿಯ ಮೇಲಿನ 15 ಮೀಟರ್

ಯಂತ್ರ ನಾಲ್ಕು ಚಕ್ರಗಳ ಮೇಲೆ ಕೂತಾಗ ಒಂದೊಂದು ಚಕ್ರದ ಕೆಳಗೆ 800 ಕಿಲೋ. ಇದನ್ನು ನೇರ ಸ್ಲ್ಯಾಬಿನ ಮೇಲೆ ಉರುಳಿಸಿದರೆ ವಾಟರ್‌ಪ್ರೂಫಿಂಗ್ ಹರಿಯುತ್ತದೆ, ಸ್ಲ್ಯಾಬಿಗೂ ಪೆಟ್ಟು. ಕೆಳಗಿನ ತೊಲೆಗಳು ಎಲ್ಲಿವೆ ಎಂದು ತಾರಸಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆಸಿ, ಆ ಗೆರೆಯ ಮೇಲೇ ಐ-ಬೀಮ್ ಹಳಿ ಹಾಸಿ. ತೊಲೆಯ ಸಾಲು ಸಿಗದ ಕಡೆ ಕೆಳಗಿನಿಂದ ಜಾಕಿ ಪ್ರಾಪ್, ಅಂದರೆ ಆನಿಕೆ ಕಂಬ, ಕೊಡಿ. ಒಂದೇ ಮಹಡಿಗೆ ಕೊಟ್ಟರೆ ಭಾರ ಆ ಮಹಡಿಯ ಸ್ಲ್ಯಾಬಿಗೆ ವರ್ಗವಾಯಿತು ಅಷ್ಟೇ, ನೆಲದವರೆಗೂ ಒಂದರ ಕೆಳಗೊಂದು ಬರಬೇಕು.

ಎಳೆಯಲು ಹೆಚ್ಚು ಬಲ ಬೇಕಾಗುವುದಿಲ್ಲ, ಚೈನ್ ಪುಲ್ಲಿಯೊಂದು ಸಾಕು. ಅದನ್ನು ಕಂಬಕ್ಕೆ ಕಟ್ಟಿ, ಪ್ಯಾರಪೆಟ್ಟಿಗೆ ಎಂದೂ ಕಟ್ಟಬೇಡಿ. ಮಳೆನೀರು ಹರಿಯಲೆಂದು ತಾರಸಿಗೆ ಇಳಿಜಾರು ಇರುತ್ತದಲ್ಲ, ಹಾಗಾಗಿ ಹಿಂದಿನಿಂದಲೂ ಒಂದು ಚೈನು ಹಿಡಿತದಲ್ಲಿರಲಿ. ಉರುಳಲು ಶುರುವಾದ 3 ಟನ್ನನ್ನು ಕೈಯಲ್ಲಿ ತಡೆಯಲು ಹೋಗಿ ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ. ಹಳೆಯದು ಇದೇ ಹಳಿಯ ಮೇಲೆ ಅಂಚಿಗೆ ಬಂದು ಇಳಿಯಲಿ, ಹೊಸದು ಅದೇ ಹಳಿಯ ಮೇಲೆ ಒಳಗೆ ಹೋಗಲಿ. ಎರಡೂ ಒಟ್ಟಿಗೆ ತಾರಸಿಯ ಮೇಲೆ ಇರಬಾರದು.

ಕ್ರೇನಿಗೆ ದಾರಿಯೇ ಇಲ್ಲದಿದ್ದರೆ

ಆಗ ಯಂತ್ರದ ಆಯ್ಕೆಯನ್ನೇ ಬದಲಿಸಿ. 65 ಕಿಲೋವ್ಯಾಟ್ ದರ್ಜೆಯ ಮಾಡ್ಯುಲರ್ ಚಿಲ್ಲರ್ ಘಟಕ ಸುಮಾರು ಐದಾರು ನೂರು ಕಿಲೋ ತೂಗುತ್ತದೆ. ಅಂಥ ನಾಲ್ಕಾರು ಘಟಕಗಳನ್ನು ಒಂದೊಂದಾಗಿ ಸಣ್ಣ ಗ್ಯಾಂಟ್ರಿ ಮತ್ತು ವಿಂಚಿನಿಂದ ಏರಿಸಿ ಮೇಲೆ ಜೋಡಿಸಬಹುದು. ಎಫ್‌ಆರ್‌ಪಿ ಟವರ್ ಬಿಡಿಭಾಗಗಳಾಗಿ ಮೆಟ್ಟಿಲಲ್ಲೇ ಹೋಗುತ್ತದೆ. ಬೆಲೆ ತುಸು ಹೆಚ್ಚಾದರೂ ಲೈನ್ ಕ್ಲಿಯರ್, ದೊಡ್ಡ ಕ್ರೇನ್, ರಸ್ತೆ ಬಂದ್‌ನ ಖರ್ಚು ಉಳಿಯುತ್ತದೆ. ಮುಂದೆ ಒಂದು ಘಟಕ ಕೆಟ್ಟರೆ ಅದೊಂದನ್ನೇ ಇಳಿಸಬಹುದು. ಆರ್ಡರ್ ಕೊಡುವ ಮೊದಲು ದಾರಿ ಅಳೆದವರಿಗೆ ಮಾತ್ರ ಈ ಆಯ್ಕೆ ಉಳಿದಿರುತ್ತದೆ.

ಕೂರಿಸಿದ ಮೇಲೆ

ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ನಡುಕ ತಡೆಯುವ ಸ್ಪ್ರಿಂಗ್ ಐಸೊಲೇಟರ್‌ಗಳನ್ನು ನೀರು ತುಂಬಿದ ಮೇಲೆಯೇ ಕೊನೆಯದಾಗಿ ಹೊಂದಿಸಿ. ಓಡಿಸಿದ ಮೊದಲ ದಿನ ಕೆಳಗಿನ ಮಹಡಿಯ ಸೀಲಿಂಗಿಗೆ ಕೈಯಿಟ್ಟು ನಡುಕ ನೋಡಿ. ಹಳಿ ಹಾಸಿದ ಜಾಗದಲ್ಲೆಲ್ಲ ವಾಟರ್‌ಪ್ರೂಫಿಂಗ್ ಸರಿಪಡಿಸಿ, ಎರಡು ದಿನ ನೀರು ಕಟ್ಟಿ ಪರೀಕ್ಷಿಸಿ. ಮೊದಲ ಮಳೆಯ ನಂತರ ಮತ್ತೊಮ್ಮೆ ಹತ್ತಿ ನೋಡಿ ಬನ್ನಿ.

ಯಂತ್ರದ ತೂಕ, ಕ್ರೇನ್ ನಿಂತ ಜಾಗ, ಬೂಮಿನ ಉದ್ದ, ಹಳಿ ಹಾಸಿದ ಗೆರೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಚಿಲ್ಲರ್ ಪ್ಯಾನೆಲ್ಲಿನ ಬಾಗಿಲ ಒಳಗೆ ಅಂಟಿಸಿ. ಇಪ್ಪತ್ತು ವರ್ಷದ ನಂತರ ಇದನ್ನು ಇಳಿಸಲು ಬರುವ ಹುಡುಗರಿಗೆ ಬೇಕಾಗುತ್ತದೆ. ಆ ಕಾರ್ಖಾನೆಯ ಅಂಗಳದಲ್ಲಿ ಮುಚ್ಚಿಹೋದ ಸಂಪಿನ ಸುತ್ತ ಈಗ ಹಳದಿ ಬಣ್ಣದಲ್ಲಿ ಚೌಕ ಬರೆಸಿದ್ದೇವೆ. ನಾಲ್ಕು ಮೂಲೆ ಎಲ್ಲೆಲ್ಲಿ ಬರುತ್ತದೆ ಎಂದು ನಡೆದು ತೋರಿಸಿದವರು ಆ ವಾಚ್‌ಮನ್ ಅಜ್ಜನೇ.